ಪುಷ್ಪಾ ಹೆಸರಿನ ಪಿಸ್ತೂಲು

ಬೆಳಿಗ್ಗೆ ಹನ್ನೊಂದೂವರೆಗೆ ಹುಣಸೂರಿನ ಬಂದೂಕಿನ ಅಂಗಡಿಯಲ್ಲಿ ಶಿವಶಂಕರ್ ಪಿಸ್ತೂಲು ಆರಿಸುತ್ತಿದ್ದರು. ಲೈಸೆನ್ಸ್ ಇದ್ದದ್ದು ಪಕ್ಕದಲ್ಲಿ ನಿಂತಿದ್ದ ಹೆಂಡತಿ ಪುಷ್ಪಾ ಹೆಸರಿನಲ್ಲಿ.

ಪಿರಿಯಾಪಟ್ಟಣದ ಹೊಗೆಸೊಪ್ಪಿನ ವ್ಯಾಪಾರಿ ಶಿವಶಂಕರ್ ಮೇಲೆ ಸೊಸೈಟಿ ಚುನಾವಣೆಯ ಹೊಡೆದಾಟದ ಕೇಸಿತ್ತು. ಅದರಿಂದ ಅವರ ಲೈಸೆನ್ಸ್ ಅರ್ಜಿ ತಿರಸ್ಕೃತವಾದ ಮೇಲೆ ಹೆಂಡತಿಯಿಂದ ಅರ್ಜಿ ಹಾಕಿಸಿದರು. ತೋಟಕ್ಕೆ ಒಬ್ಬಳೇ ಹೋಗಿಬರುತ್ತೇನೆ, ದಾರಿಯಲ್ಲಿ ಅಡ್ಡಗಟ್ಟಿ ಬೆದರಿಸಿದರು ಎಂದು ಪುಷ್ಪಾ ವಿಚಾರಣೆಗೆ ಬಂದ ಪೊಲೀಸರಿಗೆ ಹೇಳಿದ್ದರು. ಗಂಡ ಹೇಳಿಕೊಟ್ಟ ಮಾತು. ಅಡ್ಡಗಟ್ಟಿದವರು ಯಾರೂ ಇರಲಿಲ್ಲ.

ಗಾಜಿನ ಮೇಜಿನ ಮೇಲೆ ಎರಡು ಸಣ್ಣ ಪಿಸ್ತೂಲುಗಳಿದ್ದವು. ಒಂದೇ ಅಳತೆಯ ಗುಂಡು, ಒಂದೇ ಉದ್ದ. ಒಂದರ ಹಿಡಿ ಮಾತ್ರ ತುಸು ದಪ್ಪ. ಶಿವಶಂಕರ್ ಅದನ್ನೇ ಮತ್ತೆ ಮತ್ತೆ ಎತ್ತಿ ಗೋಡೆಯ ಕ್ಯಾಲೆಂಡರಿಗೆ ಗುರಿಯಿಡುತ್ತಿದ್ದರು.

“ಇದೇ ಇರ್ಲಿ. ಕೈತುಂಬ ಕೂತ್ಕತದೆ.”

“ಅಮ್ಮಾವ್ರು ಒಂದ್ಸಲ ಹೊಡೆದು ನೋಡ್ಲಿ ಸಾವ್ಕಾರ್ರೆ,” ಎಂದರು ಅಂಗಡಿಯ ಧರ್ಮೇಂದ್ರ. “ಲೈಸೆನ್ಸ್ ಅವರದಲ್ವಾ?”

ಬೆಳೆ ಕಾಯುವ ಕೋವಿಗೆ ತೋಟಾ ಕೊಳ್ಳಲು ಚುಂಚನಕಟ್ಟೆಯಿಂದ ಬಂದಿದ್ದ ಚಲುವರಾಜು ನಕ್ಕರು. “ಇನ್ಮೇಲೆ ಸಾರಿಗೆ ಉಪ್ಪು ಕಮ್ಮಿ ಅಂತ ಯಾರೂ ಅನ್ನಂಗಿಲ್ಲ ಬುಡಿ!”

ಶಿವಶಂಕರ್ ಕೂಡ ನಕ್ಕರು.

ಹಿಂದಿನ ಕೋಣೆಯಲ್ಲಿ ಮರಳಿನ ಮೂಟೆಗಳ ಮುಂದೆ ಗುರಿಹಲಗೆ ಇತ್ತು. ಧರ್ಮೇಂದ್ರ ಹಿಡಿಯುವ ಬಗೆ ತೋರಿಸಿದರು. ದಪ್ಪ ಹಿಡಿಯ ಪಿಸ್ತೂಲಿನಲ್ಲಿ ಪುಷ್ಪಾ ಬೆರಳಿನ ತುದಿ ಮಾತ್ರ ಟ್ರಿಗರಿಗೆ ತಾಗಿತು. ಗುಂಡು ಹಾರಿದಾಗ ಮಣಿಕಟ್ಟು ತಿರುಚಿದಂತಾಯಿತು. ಗುಂಡು ಹಲಗೆಗೂ ಬೀಳಲಿಲ್ಲ.

ಇನ್ನೊಂದು ಪಿಸ್ತೂಲು ಅಂಗೈಯಲ್ಲಿ ಸಲೀಸಾಗಿ ಕೂತಿತು. ಅದೇ ಸದ್ದು, ಅದೇ ಗುಂಡು, ಆದರೆ ಕೈ ಅಲುಗಲಿಲ್ಲ. ಎರಡು ಸಲ ಹೊಡೆದರು, ಎರಡು ತೂತುಗಳೂ ಹಲಗೆಯ ನಡುವೆ ಅಕ್ಕಪಕ್ಕ ಬಿದ್ದವು. ಪುಷ್ಪಾಗೆ ತಡೆಯಲಾಗದಷ್ಟು ಖುಷಿಯಾಯಿತು.

“ಇದು ನಿಮ್ಗೆ ಒಪ್ತು ನೋಡಿ ಅಮ್ಮಾ,” ಎಂದರು ಧರ್ಮೇಂದ್ರ.

“ಅದು ಬ್ಯಾಡ ಕಣ್ರೀ,” ಶಿವಶಂಕರ್ ಬಾಗಿಲಿಂದಲೇ ಹೇಳಿದರು. “ನನ್ ಕೈಗೆ ಸಣ್ಣ ಆಯ್ತದೆ.”

ಅವರ ಹಿಂದೆ, ಅಂಗಡಿಯಲ್ಲಿ, ಚಲುವರಾಜು ತೋಟಾ ಚೀಲವನ್ನು ಎತ್ತಿಕೊಂಡು ಹೊರಗೆ ನೋಡುತ್ತ ನಿಂತರು.

“ಯಾರ ಕೈಗೆ ಸಾವ್ಕಾರ್ರೆ?” ಧರ್ಮೇಂದ್ರ ಕೇಳಿದರು. ದನಿ ಏರಿರಲಿಲ್ಲ. “ನಿಮ್ ಕೈಗೆ ಅಂದ್ರೆ ನಾನು ಮಾರಂಗಿಲ್ಲ. ಅಮ್ಮಾ, ನೀವೇ ಹೇಳಿ. ಇಟ್ಕೊಳ್ಳೋರು ನೀವೇ ತಾನೆ?”

ಶಿವಶಂಕರ್ ಹೆಂಡತಿಯನ್ನು ದುರುಗುಟ್ಟಿ ನೋಡಿದರು. “ಹೂಂ ಅನ್ನು, ಪುಷ್ಪಾ.”

ಒಂದು ಹೂಂ ಸಾಕಿತ್ತು. ಪೊಲೀಸರ ಮುಂದೆ ಎಷ್ಟು ಸಲೀಸಾಗಿ ಹೇಳಿದ್ದೆ ಎಂಬುದು ಪುಷ್ಪಾಗೆ ನೆನಪಾಯಿತು. ಬೆದರಿಸಿದವನ ಬೈಕಿನ ಬಣ್ಣವನ್ನು ಗಂಡ ಹೇಳಿಕೊಟ್ಟಿರಲಿಲ್ಲ, ಅದನ್ನು ತಾವೇ ಸೇರಿಸಿದ್ದರು. ಈಗ ಆ ಸುಳ್ಳಿನಿಂದ ಕೈಗೆ ಬಂದ ಪಿಸ್ತೂಲಿನಲ್ಲಿ ಗುರಿ ಮುಟ್ಟಿದ್ದಕ್ಕೆ ಹಿಗ್ಗಿದ್ದೂ ಆಯಿತು. ಗಂಡನಿಗಿಂತ ತಮ್ಮ ಬಗ್ಗೆಯೇ ಹೆಚ್ಚು ನಾಚಿಕೆಯಾಯಿತು.

“ಎರಡೂ ಒಳಗಿಟ್ಕಳಿ ಅಣ್ಣಾ,” ಎಂದರು. “ನನ್ನ ಯಾರೂ ಬೆದ್ರಿಸಿಲ್ಲ.”

“ಲೇ, ತಲೆ ನೆಟ್ಟಗದಾ ನಿಂಗೆ?”

ಪುಷ್ಪಾ ಪಿಸ್ತೂಲನ್ನು ಧರ್ಮೇಂದ್ರ ಕಲಿಸಿದಂತೆಯೇ, ನಳಿಗೆ ಮರಳಿನ ಕಡೆಗಿಟ್ಟು, ಅಲ್ಲಿದ್ದ ಮೇಜಿನ ಮೇಲಿರಿಸಿದರು.

ಮರುದಿನ ಅವರು ಒಬ್ಬರೇ ಬಸ್ಸಿನಲ್ಲಿ ಮೈಸೂರಿನ ಡಿಸಿ ಕಚೇರಿಗೆ ಹೋಗಿ ಲೈಸೆನ್ಸನ್ನು ಹಿಂದಿರುಗಿಸಿದರು.