ಬಟ್ಟೆಕೊಳವೆ ಹತ್ತಿದ ಹಾಡು

ಆ ಹೋಟೆಲಿನ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಯಂತ್ರಗಳ ಉಸ್ತುವಾರಿ ಹೊತ್ತವಳನ್ನು ಎಲ್ಲರೂ ನೊರೆಯಕ್ಕ ಎಂದೇ ಕರೆಯುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಮಂಡಿ ಆಗಾಗ ತಕರಾರು ತೆಗೆಯುತ್ತಿತ್ತು. ಆದರೂ ಬೆಡ್‌ಶೀಟ್ ಕೊಡವುವಾಗ ಅವಳ ಬಾಯಲ್ಲಿ ಯಾವುದಾದರೊಂದು ಹಾಡು ಗುನುಗದೆ ಇರುತ್ತಿರಲಿಲ್ಲ. ಅವೆಲ್ಲ ಒಂದೇ ಆಲ್ಬಮ್ಮಿನ ಹಾಡುಗಳು. ಹೈಸ್ಕೂಲಿನಲ್ಲಿದ್ದಾಗ ಅವಳೂ ಅವಳ ತಮ್ಮನೂ ಜಂಟಿಯಾಗಿ ಕೊಂಡದ್ದು. ಹೊದಿಕೆಯ ಮೇಲೆ ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟ ನಾಲ್ವರು ಹುಡುಗಿಯರು ನೆಲ ಬಿಟ್ಟು ನೆಗೆದಿದ್ದರು. ಒಳಗಿನ ಹಾಡುಗಳೋ ಬಬಲ್‌ಗಮ್ಮಿನ ಹಾಗೆ, ಬಾಯಿಗೆ ಹಾಕಿದ ಕೂಡಲೇ ಸಿಹಿ. ಗಿಟಾರು ಗುಡುಗುತ್ತಿತ್ತು, ಆದರೆ ಯಾರನ್ನೂ ಹೆದರಿಸುತ್ತಿರಲಿಲ್ಲ. ಮೂರು ನಿಮಿಷದೊಳಗೆ ಪ್ರೀತಿ ಹುಟ್ಟಿ, ಮುನಿಸಾಗಿ, ರಾಜಿಯೂ ಆಗಿ, ಮೇಲೊಂದಿಷ್ಟು ಚಪ್ಪಾಳೆ ಬೇರೆ. ಅಕ್ಕ ತಮ್ಮ ಇಬ್ಬರೂ ಮಂಚದ ಮೇಲೆ ಕುಣಿದೂ ಕುಣಿದೂ ಮಂಚದ ಒಂದು ಹಲಗೆಯನ್ನೇ ಮುರಿದಿದ್ದರು.

ತಮ್ಮ ಈಗ ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಮದುವೆ ಮುರಿದ ಮೇಲೆ ಮತ್ತೆ ಗಿಟಾರು ಕೈಗೆತ್ತಿಕೊಂಡು ಕೆಲವು ಹಾಡು ಕಟ್ಟಿದ್ದ. ಒಂದು ಸಂಜೆ ಅಕ್ಕನನ್ನು ಎದುರಿಗೆ ಕೂರಿಸಿಕೊಂಡು ಅಷ್ಟನ್ನೂ ಹಾಡಿದ. ಹಾಡುಗಳೇನೋ ಬಾಲ್ಯದ್ದೇ: ಬೆರಳಿಗೆ ಸುತ್ತಿಕೊಳ್ಳುತ್ತಿದ್ದ ಟೆಲಿಫೋನ್ ತಂತಿ, ಬ್ರೇಕಿಲ್ಲದ ಸ್ಕೂಟರು, ಬೀರುವಿಗೆ ಅಂಟಿಸಿದ ಸ್ಟಿಕ್ಕರು. ನಡೆ ಮಾತ್ರ ಆಮೆಯದು.

"ಹೇಗಿದೆ?" ಎಂದ.

"ಚೆನ್ನಾಗಿದೆ ಕಣೋ. ಆದ್ರೆ ಆ ಸ್ಕೂಟರ್ ಹಾಡು ಕೇಳ್ತಾ ಕೇಳ್ತಾ, ಸ್ಕೂಟರ್ ಆಸ್ಪತ್ರೆ ಸೇರಿದೆ ಅನ್ನಿಸ್ತು. ಸ್ವಲ್ಪ ಓಡ್ಸೋ ಅದನ್ನ."

"ಈ ವಯಸ್ಸಲ್ಲಿ 'ಹೇ ಹೇ' ಅಂತ ಕುಣಿದ್ರೆ ಜನ ನಗ್ತಾರೆ ಅಕ್ಕಾ."

"ನಗ್ಲಿ. ಅಳಿಸೋಕೆ ಬೇರೆಯವ್ರು ಬೇಕಾದಷ್ಟಿದ್ದಾರೆ."

ಅವನ ಮುಖ ಸಪ್ಪಗಾಯಿತು. ಗಿಟಾರನ್ನು ಚೀಲಕ್ಕೆ ತುರುಕಿ, ಕಾಫಿಯನ್ನೂ ಮುಟ್ಟದೆ ಎದ್ದು ಹೋದ. ಬಾಯಿ ಬಿಗಿ ಹಿಡಿಯಬೇಕಿತ್ತು ಎಂದು ನೊರೆಯಕ್ಕ ತನ್ನನ್ನೇ ಬೈದುಕೊಂಡಳು.

ವಾರ ಕಳೆಯುವುದರೊಳಗೆ ಅವನು ಅವಳ ಊಟದ ಬಿಡುವಿನಲ್ಲಿ ಹೋಟೆಲಿನ ಹಿಂಬಾಗಿಲಿಗೇ ಬಂದು ನಿಂತ. ಕಾರು ಕಲಿಯಲು ಬರುತ್ತಿದ್ದ ದಂತವೈದ್ಯೆಯೊಬ್ಬಳು ಗೇರ್ ಮುಟ್ಟಿದರೆ ಸಾಕು, ನಡುಗಿಬಿಡುತ್ತಿದ್ದಳಂತೆ. ಬೇರೇನೂ ತೋಚದೆ ಇವನು ಡ್ಯಾಶ್‌ಬೋರ್ಡಿನ ಮೇಲೆ ತಾಳ ಹಾಕುತ್ತ ಸ್ಕೂಟರ್ ಹಾಡನ್ನು ಒಂದೇ ಓಟದಲ್ಲಿ ಹಾಡಿದನಂತೆ.

"ನಕ್ಕುಬಿಟ್ಲು ಅಕ್ಕಾ! ನಗ್ತಾ ನಗ್ತಾನೇ ಮೂರನೇ ಗೇರಿಗೆ ಬಂದ್ಲು. ನೀನು ಹೇಳಿದ್ದೇ ಸರಿ. ಒಂದು ಆಲ್ಬಂ ಮಾಡೋಣ. ನೀನೇ ಹಾಡು."

"ನಾನಾ? ನನ್ನ ಗಂಟಲಿಗೆ ಸೋಪಿನ ಪುಡಿ ಬಿಟ್ರೆ ಬೇರೇನೂ ಗೊತ್ತಿಲ್ಲ" ಎಂದಳು. ಎನ್ನುವಾಗಲೇ ಎದೆ ಹಗುರಾಗಿ ಹೋಗಿತ್ತು.

ರೆಕಾರ್ಡಿಂಗಿಗೆ ಅವಳ ಒಗೆತದ ಕೋಣೆಗಿಂತ ಒಳ್ಳೆಯ ಜಾಗ ಸಿಗಲಿಲ್ಲ. ನಾಲ್ಕೂ ಗೋಡೆಗೆ ಬಿಳಿ ಟೈಲ್ಸು, ಒಂದು ಚಪ್ಪಾಳೆ ತಟ್ಟಿದರೆ ಹತ್ತಾಗಿ ಕೇಳುತ್ತಿತ್ತು. ಭಾನುವಾರ ಬೆಳಗ್ಗೆ ಯಂತ್ರಗಳಿಗೆ ರಜೆ. "ಸ್ವಲ್ಪ ಹಾಡ್ಕೊಳ್ತೀವಿ ಸರ್" ಎಂದು ಮ್ಯಾನೇಜರನನ್ನು ಮೊದಲೇ ಒಪ್ಪಿಸಿದ್ದಳು. ಡ್ರಮ್ಮಿಗೆ ಕೂತವಳು ಇಸ್ತ್ರಿ ವಿಭಾಗದಲ್ಲಿದ್ದ ಅವಳ ನಾದಿನಿ. ಶಾಲೆಯ ಬ್ಯಾಂಡಿನಲ್ಲಿ ಬಾರಿಸಿದ್ದ ಅನುಭವವಿತ್ತು. ಚಪ್ಪಾಳೆಗೆ ಉಳಿದ ಹೆಂಗಸರೆಲ್ಲ ಸಾಲಾಗಿ ನಿಂತರು.

ಮೊದಲ ಸಲ ನೊರೆಯಕ್ಕನ ದನಿ ಗಂಟಲಲ್ಲೇ ಕೂತಿತು.

"ಅತ್ತಿಗೇ, ಅಣ್ಣನ್ನ ಬೈಯೋವಾಗ ದನಿ ಎಲ್ಲಿಂದ ಬರುತ್ತೋ ಅಲ್ಲಿಂದ್ಲೇ ತೆಗೀರಿ" ಎಂದಳು ನಾದಿನಿ.

ಎಲ್ಲರೂ ಗೊಳ್ಳೆಂದರು. ಆ ನಗುವಿನ ಬೆನ್ನಿಗೇ ತಮ್ಮ ಗಿಟಾರು ಮೀಟಿದ. ದನಿ ಹೊರಬಿತ್ತು ನೋಡಿ! ಸ್ಕೂಟರು ಇಳಿಜಾರಿನಲ್ಲಿ ಬ್ರೇಕಿಲ್ಲದೆ ಧಾವಿಸಿದ ಹಾಗೆ ಹಾಡು ಓಡಿತು. ಹೆಂಗಸರ 'ಹೇ ಹೇ'ಗೆ ಕೋಣೆ ಝಲ್ಲೆಂದಿತು. ನೊರೆಯಕ್ಕನಿಗೆ ಮಂಡಿಯೂ ನೆನಪಿಲ್ಲ, ವಯಸ್ಸೂ ನೆನಪಿಲ್ಲ.

ಅಷ್ಟರಲ್ಲಿ ಬಾಗಿಲು ತೆರೆದುಕೊಂಡಿತು. ಮ್ಯಾನೇಜರ್ ನಿಂತಿದ್ದ. ಮುಖ ಗಂಟು ಹಾಕಿಕೊಂಡೇ ಹುಟ್ಟಿದವನು, ನೋಡಿ ಏನನ್ನೂ ಊಹಿಸುವ ಹಾಗಿರಲಿಲ್ಲ.

"ಆ ಕೊಳವೆ ಮುಚ್ಚಿದ್ರಾ?" ಎಂದು ಕೇಳಿದ.

ಎಲ್ಲರ ಕಣ್ಣೂ ಗೋಡೆಯತ್ತ ಹೊರಳಿತು. ಮೇಲಿನ ಮಹಡಿಗಳಿಂದ ಕೊಳೆ ಬಟ್ಟೆ ಜಾರಿ ಬೀಳುವ ದೊಡ್ಡ ತಗಡಿನ ಕೊಳವೆ ಬಾಯಿ ತೆರೆದುಕೊಂಡಿತ್ತು. ಮೇಲಿನಿಂದ ಬಟ್ಟೆ ಇಳಿಯುವ ದಾರಿಯಲ್ಲೇ ಕೆಳಗಿನಿಂದ ಹಾಡು ಹತ್ತಿತ್ತು. ಅಷ್ಟೂ ಮಹಡಿಗಳಲ್ಲಿ ಕೇಳಿಸಿತ್ತು! ನೊರೆಯಕ್ಕ ಕೊಳವೆಯ ಮುಚ್ಚಳದತ್ತ ಧಾವಿಸಿದಳು.

"ತಪ್ಪಾಯ್ತು ಸರ್, ಈಗ್ಲೇ ಮುಚ್ತೀನಿ."

"ಮುಚ್ಬೇಡಿ ಅನ್ನೋಕೇ ಬಂದೆ. ನಾಲ್ಕನೇ ಮಹಡಿಲಿ ಗೆಸ್ಟುಗಳು ಕೊಳವೆ ಮುಂದೆ ನಿಂತ್ಬಿಟ್ಟಿದ್ದಾರೆ. ಸ್ಕೂಟರಿಂದು ಇನ್ನೊಂದು ಸಲ ಹಾಡ್ತಾರಾ ಅಂತ ಫೋನ್ ಮೇಲೆ ಫೋನ್." ಕೋಟಿನ ತೋಳು ಮೇಲೆ ಸರಿಸಿದ. "ಚಪ್ಪಾಳೆಗೆ ಜನ ಬೇಕಾ?"

ಮ್ಯಾನೇಜರನೂ ಚಪ್ಪಾಳೆ ತಟ್ಟಿದ ಆ ಸಲದ ಹಾಡೇ ಆಲ್ಬಮ್ಮಿಗೆ ಹೋಯಿತು. ಕಿವಿಗೊಟ್ಟು ಕೇಳಿದರೆ ಕೊನೆಯ 'ಹೇ ಹೇ'ಗೆ ಕೊಳವೆಯ ಮೇಲಿನಿಂದ ಗುರುತಿಲ್ಲದವರು ಉತ್ತರ ಕೊಟ್ಟದ್ದೂ ಕೇಳಿಸುತ್ತದೆ. ತಮ್ಮ ಅದನ್ನು ಅಳಿಸಲು ಬಿಡಲಿಲ್ಲ.

ಆಲ್ಬಂ ಸಿದ್ಧವಾದ ದಿನ ಅವಳು ಮನೆಗೆ ಬಂದಾಗ ಗಂಡ ಅಡುಗೆಮನೆಯಲ್ಲಿ ಟೊಮೆಟೊ ಹೆಚ್ಚುತ್ತಿದ್ದ. ಅತ್ತಿಗೆ ನಾದಿನಿ ಇಬ್ಬರೂ ಸೇರಿ ಅಷ್ಟು ದಿನವೂ ಅವನಿಂದ ವಿಷಯವನ್ನು ಗುಟ್ಟಾಗಿಟ್ಟಿದ್ದರು. ಹಾಡು ಹಾಕಿ, ಸ್ಟೂಲಿನ ಮೇಲೆ ಕುಸಿದು, ಚಪ್ಪಲಿ ಕಳಚಿದಳು. ತುಸು ಹೊತ್ತಿಗೆ ಅವನ ತಲೆ ತಾಳಕ್ಕೆ ತೂಗತೊಡಗಿತು. ಚಾಕು ಹಲಗೆಯ ಮೇಲೆ ಟಕಟಕ ಎಂದಿತು.

"ಚೆನ್ನಾಗಿದ್ಯಲ್ಲೇ! ಯಾರಿವಳು, ಇಷ್ಟು ಖುಷಿಯಾಗಿ ಹಾಡ್ತಿರೋಳು?"

"ನಾನೇ ಕಣ್ರೀ."

ಅವನು ಚಾಕು ಕೆಳಗಿಟ್ಟು ಅವಳನ್ನೇ ನೋಡಿದ. ಅವಳ ಬಾತ ಪಾದಗಳು ತಣ್ಣನೆಯ ನೆಲಕ್ಕೆ ತಾಳ ಹಾಕುತ್ತಿದ್ದವು.

"ಮೊದಲಿಂದ ಹಾಕು. ಸರಿಯಾಗಿ ಕೇಳ್ಬೇಕು" ಎಂದು ಕೈ ಒರೆಸಿಕೊಂಡು ಅವಳ ಪಕ್ಕಕ್ಕೆ ಕುರ್ಚಿ ಎಳೆದ.