ಕೈಗುಣ

ಲೇಸರ್ ಯಂತ್ರವನ್ನು ಮೂರನೇ ಸಲ ಬಿಚ್ಚಿ ಮೇಜಿನ ತುಂಬ ಹರಡಿಕೊಂಡು ಕೂತಿದ್ದ ಸಂಶೋಧನೆಯ ಹುಡುಗಿಗೆ, ತಪ್ಪು ಯಂತ್ರದ್ದಲ್ಲ ಎಂದು ಹೇಳಲು ಟೇಪಕ್ಕನಿಗೆ ಬಾಯಿ ಬರಲಿಲ್ಲ.

ಹದಿನಾಲ್ಕು ವರ್ಷದಿಂದ ಪ್ರಯೋಗಾಲಯದಲ್ಲಿ ಟೇಪಕ್ಕನದು ಒಂದೇ ಕೆಲಸ, ಹೆಸರು ಬಂದದ್ದೂ ಅದರಿಂದಲೇ. ಗ್ರಾಫೈಟ್ ಚೂರಿಗೆ ಅಂಟುಟೇಪು ಒತ್ತಿ, ಎಬ್ಬಿಸಿ, ಒಂದೇ ಪರಮಾಣುವಿನ ದಪ್ಪದ ಹಾಳೆ ಉಳಿಯುವ ತನಕ ಸುಲಿಯುವುದು. ಅದನ್ನು ಸಣ್ಣ ತೂತುಗಳ ಬಿಲ್ಲೆಯ ಮೇಲೆ ಸುಕ್ಕಿಲ್ಲದೆ ಹಾಸುವುದು. ಹಾಳೆಯ ನಡುವೆ ಲೇಸರ್ ಬಿಟ್ಟು, ಬಿಸಿ ಎಷ್ಟು ಬೇಗ ಅಂಚಿಗೆ ಓಡುತ್ತದೆಂದು ಅಳೆಯುವುದು ಹುಡುಗಿಯ ಪಾಲು. ತಾಮ್ರ ನಾಚಬೇಕು, ಹಾಗೆ ಓಡುತ್ತದೆ. ಸುಕ್ಕು ಸಿಕ್ಕರೆ ಮಾತ್ರ ಎಡವುತ್ತದೆ. ಇಲ್ಲಿ ಪಿಎಚ್‌ಡಿ ಮುಗಿಸಿದವರೆಲ್ಲ ಟೇಪಕ್ಕನ ಕೈಗುಣವನ್ನು ಹೊಗಳಿಯೇ ಹೋದವರು.

ಎರಡು ತಿಂಗಳಿಂದ ಹುಡುಗಿಯ ಅಳತೆಯ ಅಂಕಿ ಇಳಿಯುತ್ತಿತ್ತು. ಎರಡು ತಿಂಗಳಿಂದ ಟೇಪಕ್ಕನ ಬಲಗೈ ನಡುಗುತ್ತಿತ್ತು. ವಾಸಿಯಾಗುವ ನಡುಕವಲ್ಲ ಎಂದಿದ್ದರು ಡಾಕ್ಟರು. ಗಂಡನಿಗೂ ಹೇಳಿರಲಿಲ್ಲ. ಈ ಕೆಲಸ ಬಿಟ್ಟರೆ ತಾನು ಯಾರು ಎಂಬುದೇ ಅವಳಿಗೆ ಗೊತ್ತಿರಲಿಲ್ಲ.

ಹುಡುಗಿಯ ಪ್ರಬಂಧಕ್ಕೆ ಉಳಿದದ್ದು ಒಂದೇ ತಿಂಗಳು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ನಾನು ಆ ಪೈಕಿ ಅಕ್ಕಾ. ಬಿಟ್ಟು ಹೋಗ್ತೀನಿ" ಎಂದಳು.

ಗಾದೆ ಬಂದು ತಾಗಿದ್ದು ಟೇಪಕ್ಕನಿಗೆ. "ಇವತ್ತು ನೀನೇ ಸುಲಿ" ಎಂದಳು. "ನಾನು ಹೇಳ್ಕೊಡ್ತೀನಿ."

ಹುಡುಗಿ ಯಂತ್ರ ಜೋಡಿಸಿದಳು. ಎಂದಿನಂತೆ ಎರಡು ಸ್ಕ್ರೂ ಮಿಕ್ಕಿ ತಗಡಿನ ಡಬ್ಬಿಯಲ್ಲೇ ಉಳಿದವು. ಟೇಪಕ್ಕ ಕೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು, ಯಾರಿಗೂ ಹೇಳದ ಗುಟ್ಟನ್ನೆಲ್ಲ ಬಾಯಲ್ಲೇ ಕಲಿಸಿದಳು: ಉಸಿರು ಹಿಡಿ, ಬೆರಳಿಂದಲ್ಲ, ಮಣಿಕಟ್ಟಿಂದ ಎತ್ತು. ನಾಲ್ಕು ಹಾಳೆ ಹರಿದವು. ಐದನೆಯದು ಕೂತಿತು.

ಲೇಸರ್ ಬಿಟ್ಟಾಗ, ಅಂಕಿ ಏರದಿರಲಿ ಎಂದು ತನ್ನ ಮನಸ್ಸು ಬೇಡುತ್ತಿರುವುದು ತಿಳಿದು ಟೇಪಕ್ಕನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಏರದಿದ್ದರೆ ತಪ್ಪು ಯಂತ್ರದ್ದಾಗುತ್ತಿತ್ತು.

ಅಂಕಿ ಏರಿತು. ಹಳೆಯ ಮಟ್ಟವನ್ನೂ ದಾಟಿತು.

ಹುಡುಗಿ ಕಣ್ಣೊರೆಸಿಕೊಂಡು ನಕ್ಕಳು. "ಅಂತೂ ಯಂತ್ರ ಸರಿಹೋಯ್ತು ಅಕ್ಕಾ. ನಾಳೆಯಿಂದ ಮತ್ತೆ ನೀವೇ ಸುಲೀರಿ. ನಿಮ್ಮ ಕೈಗುಣದ ಮುಂದೆ ನಂದೇನು?"

ಹೂಂ ಎಂದರೆ ತನ್ನ ಕೆಲಸ ಇನ್ನೊಂದು ತಿಂಗಳು ನಡೆದೀತು. ಹುಡುಗಿಯ ಐದು ವರ್ಷದ ದುಡಿಮೆ ಮಣ್ಣುಪಾಲಾದೀತು. ಟೇಪಕ್ಕ ಬಲಗೈಯನ್ನು ತೊಡೆಯ ಕೆಳಗಿಂದ ತೆಗೆದು, ಮೇಜಿನ ಮೇಲಿದ್ದ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಳು.

ಒಳಗೆ ಎರಡು ಸ್ಕ್ರೂಗಳು ಸಣ್ಣಗೆ ಸದ್ದು ಮಾಡತೊಡಗಿದವು. ಹುಡುಗಿ ಮೊದಲು ಡಬ್ಬಿಯನ್ನು ನೋಡಿದಳು. ಆಮೇಲೆ ಮುಚ್ಚಳದ ಮೇಲಿದ್ದ ಕೈಯನ್ನು.