ಹುಲ್ಲಿನಲ್ಲಿ ಬಿದ್ದ ಸ್ಪ್ರಿಂಗ್

ಹುಲ್ಲು ಕತ್ತರಿಸುವ ತಳ್ಳುವ ಯಂತ್ರ, ಉದ್ದ ಹಿಡಿಯ ಕತ್ತರಿ, ಹುಲ್ಲಿನ ಅಂಚು ಕಡಿಯುವ ಅರ್ಧಚಂದ್ರಾಕಾರದ ಗುದ್ದಲಿ. ಮೂರನ್ನೂ ಅವಳು ಗಂಡನನ್ನು ಕೇಳದೆಯೇ ತರಿಸಿದ್ದಳು. ಅವಳದು ದರ್ಜಿ ಕೆಲಸ. ಅವನು ಮೂವತ್ತು ವರ್ಷ ಗಡಿಯಾರ ರಿಪೇರಿ ಮಾಡಿದವನು. ಎರಡು ವರ್ಷದ ಹಿಂದೆ ಬೆರಳುಗಳು ನಡುಗತೊಡಗಿದಾಗ ಅಂಗಡಿಗೆ ಬೀಗ ಜಡಿದು ಮನೆಗೆ ಬಂದ. ಅಂದಿನಿಂದ ಕೈಗಳು ಜೇಬಿನಲ್ಲೇ. ಮಾತೂ ಅಲ್ಲೇ ಎಲ್ಲೋ ಸೇರಿಕೊಂಡಿತ್ತು. ನಡುಕ ಎದ್ದು ಕಾಣದಂಥ ಒಂದು ದೊಡ್ಡ ಕೆಲಸ ಸಿಕ್ಕರೆ ಆ ಕೈಗಳು ಹೊರಗೆ ಬಂದಾವು ಎಂಬುದೊಂದೇ ಅವಳ ಆಸೆ. ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಬೆಳಿಗ್ಗೆ ಒಂದು ಅಂಗಿಗೆ ಕಾಲರ್ ಹಚ್ಚಿಟ್ಟು ಹಿತ್ತಲಿಗೆ ಬಂದವಳು ಬಾಗಿಲಲ್ಲೇ ನಿಂತಳು. ಹೊಸ ಯಂತ್ರವನ್ನು ಅವನು ಒಮ್ಮೆಯೂ ಓಡಿಸದೆ ಪೂರ್ತಿ ಬಿಚ್ಚಿಹಾಕಿದ್ದ. ಅವಳದೇ ಲೈನಿಂಗ್ ಬಟ್ಟೆಯ ಮೇಲೆ ತಿರುಪು, ಹಲ್ಲುಚಕ್ರ, ಅಲಗುಗಳ ಉರುಳೆ, ಎಲ್ಲವೂ ಬಿಚ್ಚಿದ ಕ್ರಮದಲ್ಲಿ ಸಾಲಾಗಿ ಮಲಗಿದ್ದವು. ಎಷ್ಟು ಅಚ್ಚುಕಟ್ಟು ಎಂದರೆ ಬೈಯಲು ಬಾಯಿ ಬರಲಿಲ್ಲ.

ಬೇಲಿಯಾಚೆಯ ಮನೆಯಿಂದ ಅವಳ ತಮ್ಮ ಇಣುಕಿದ. ಅವನು ಬಸ್ ಡ್ರೈವರ್.

“ಏನ್ ಭಾವ, ಹೊಸ ಮಷಿನ್‌ಗೆ ಆಗ್ಲೇ ಆಪರೇಷನ್ನಾ?”

“ಒಳಗೇನಿದೆ ಅಂತ ತಿಳೀದೆ ಹೇಗಯ್ಯ ಓಡಿಸೋದು?”

“ನಾನು ಇಪ್ಪತ್ತು ವರ್ಷದಿಂದ ಬಸ್ ಓಡಿಸ್ತಿದ್ದೀನಿ. ಒಳಗೇನಿದೆ ಅಂತ ಇವತ್ತಿಗೂ ನೋಡಿಲ್ಲ.”

“ಅದಕ್ಕೇ ನಾನು ನಿನ್ನ ಬಸ್ ಹತ್ತಲ್ಲ.”

ಎಷ್ಟೋ ವಾರಗಳ ಮೇಲೆ ಗಂಡನಾಡಿದ ತಮಾಷೆ ಅದು. ಅವಳ ನಗು ಮುಗಿಯುವಷ್ಟರಲ್ಲಿ ಅವನ ಬೆರಳು ನಡುಗಿತು. ಚಕ್ರದೊಳಗೆ ಕೂರಬೇಕಿದ್ದ ಉಗುರುಗಾತ್ರದ ಸ್ಪ್ರಿಂಗ್ ಚಿಮ್ಮಿ, ಪಾದ ಮುಳುಗುವಷ್ಟು ಬೆಳೆದ ಹುಲ್ಲಿನಲ್ಲಿ ಮಾಯವಾಯಿತು.

“ಹೋಯ್ತು ಬಿಡು. ಎಲ್ಲಾ ವಾಪಸ್ ಕಳಿಸು,” ಎಂದ. ಕೈಗಳು ಮತ್ತೆ ಜೇಬು ಸೇರಿದವು.

ಅವಳು ಒಳಗಿಂದ ಅಳತೆ ಟೇಪು, ನೂಲಿನ ಉಂಡೆ, ನೆಲಕ್ಕೆ ಬಿದ್ದ ಗುಂಡುಸೂಜಿ ಎತ್ತುವ ಅಯಸ್ಕಾಂತ ತಂದಳು. ಕಡ್ಡಿ ನೆಟ್ಟು ನೂಲು ಎಳೆದು ಹುಲ್ಲನ್ನು ಗೇಣಗಲದ ಪಟ್ಟಿಗಳಾಗಿ ಗುರುತು ಮಾಡಿದಳು. ಹೊಸ ಕತ್ತರಿಯಿಂದ ಒಂದು ಪಟ್ಟಿ ಬುಡಮಟ್ಟ ಕತ್ತರಿಸುವುದು, ಅದರ ಮೇಲೆ ಅಯಸ್ಕಾಂತ ಆಡಿಸುವುದು, ಮುಂದಿನ ಪಟ್ಟಿಗೆ ಸರಿಯುವುದು. ಕತ್ತರಿ ಗಟ್ಟಿ ಬಟ್ಟೆಯಲ್ಲಿ ಹೋದ ಹಾಗೆ ಕರಕರನೆ ಹೋಗುತ್ತಿತ್ತು. ಒಳ್ಳೆಯ ಉಕ್ಕು ಎಂದುಕೊಂಡಳು.

“ಅಕ್ಕಾ, ಹುಲ್ಲಿಗೂ ಅಂಗಿ ಹೊಲೀತೀಯಾ?”

“ಮೊದ್ಲು ನಿನ್ನ ಬಾಯಿಗೆ ಎರಡು ಹೊಲಿಗೆ ಹಾಕ್ತೀನಿ, ಸುಮ್ನಿರು.”

ಆರನೆಯ ಪಟ್ಟಿಯಲ್ಲಿ ಅಯಸ್ಕಾಂತಕ್ಕೆ ಟಿಕ್ ಎಂದು ಏನೋ ಅಂಟಿತು.

ಸ್ಪ್ರಿಂಗನ್ನು ಅವಳೇ ಕೂರಿಸಬಹುದಿತ್ತು. ಸೂಜಿಗೆ ದಾರ ಪೋಣಿಸುವ ಬೆರಳು ಅವಳದು. ಆದರೆ ಅದನ್ನು ಅಂಗೈಯಲ್ಲಿಟ್ಟು ಅವನ ಮುಂದೆ ಹಿಡಿದಳು. ಅವನು ಅದನ್ನು ನೋಡಿದ. ಆಮೇಲೆ ಜೇಬಿನಿಂದ ಕೈ ತೆಗೆದ. ಕೈಯಲ್ಲಿ ಅಂಗಡಿಯಲ್ಲಿ ಸಣ್ಣ ಬಿಡಿಭಾಗ ಎತ್ತುತ್ತಿದ್ದ ಹಳೆಯ ಚಿಮಟವಿತ್ತು. ಎರಡು ವರ್ಷವೂ ಅವನ ಬೆರಳುಗಳು ಅದನ್ನು ಹಿಡಿದುಕೊಂಡೇ ಇದ್ದವೆಂದು ಅವಳಿಗೆ ಆಗ ತಿಳಿಯಿತು.

ಚಿಮಟದಲ್ಲಿ ಸ್ಪ್ರಿಂಗ್ ಎತ್ತಿಕೊಂಡು, ಮೊಣಕೈಯನ್ನು ಮಂಡಿಗೆ ಒತ್ತಿ, ಉಸಿರು ಬಿಗಿಹಿಡಿದು ಚಕ್ರದ ಮೇಲೆ ಬಗ್ಗಿದ. ಒಂದು ಸಲ ತಪ್ಪಿತು. ಎರಡನೆಯ ಸಲವೂ ತಪ್ಪಿತು. ಅವಳು ಕೈ ಚಾಚಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಬೇಲಿಯಾಚೆಯ ಬಾಯಿಯೂ ಮುಚ್ಚಿತ್ತು. ಮೂರನೆಯ ಸಲ ನಡುಗುವ ಕೈ ನಡುಗುತ್ತಲೇ ಸ್ಪ್ರಿಂಗನ್ನು ಅದರ ಜಾಗದಲ್ಲಿ ಕೂರಿಸಿತು.

ಉಳಿದದ್ದನ್ನೆಲ್ಲ ಜೋಡಿಸಿ ಯಂತ್ರವನ್ನು ನಾಲ್ಕು ಹೆಜ್ಜೆ ತಳ್ಳಿದ. ಹುಲ್ಲು ಸಣ್ಣಗೆ ಹಾರಿತು. ನಿಂತು, ಕಿವಿ ಹತ್ತಿರ ತಂದು, ಚಕ್ರ ತಿರುಗಿಸಿ ಆಲಿಸಿದ.

“ಎಡಗಡೇದು ಸ್ವಲ್ಪ ನಿಧಾನ ಇದೆ ಕಣೇ.”

“ಸರಿ, ನಾಳೆ ಬಿಚ್ಚಿ ನೋಡಿ.”

“ನಾಳೆ ಯಾಕೆ?” ಎಂದು ಅವನು ಮತ್ತೆ ಬಟ್ಟೆಯ ಮುಂದೆ ಕೂತ.

ಅವಳು ಕತ್ತರಿ ಎತ್ತಿಕೊಂಡು ಏಳನೆಯ ಪಟ್ಟಿಗೆ ಹೋದಳು.